ತುರ್ಕಿ ಪಠ್ಯಪುಸ್ತಕದ ಕರಡು: ಪದಪಟ್ಟಿಯಲ್ಲಿ ಒಂದೇ ಪದ ಎರಡು ಸಲ

ಪ್ರಶ್ನೆ: ತುರ್ಕಿಯ ಶಾಲಾ ಇತಿಹಾಸ ಪಠ್ಯದ ಕರಡಿನಲ್ಲಿ ಕಾಗುಣಿತ ಒಂದೇ ರೀತಿ ಇದೆಯೇ ಎಂದು ನೋಡಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವನ್ನೂ ಸಣ್ಣಕ್ಷರಕ್ಕಿಳಿಸಿ ಪದಪಟ್ಟಿ ತೆಗೆದರೆ ‘ಇಸ್ತಾಂಬುಲ್’ ಎರಡು ಸಾಲಲ್ಲಿದೆ, ಕಣ್ಣಿಗೆ ಎರಡೂ ಒಂದೇ. ‘ಅರಲಿಕ್’ (ಡಿಸೆಂಬರ್) ಚುಕ್ಕೆಯಿದ್ದೂ ಬಂದಿದೆ, ಇಲ್ಲದೆಯೂ ಬಂದಿದೆ. ಎನ್‌ಎಫ್‌ಸಿ (ಅಕ್ಷರ ಮತ್ತು ಗುರುತನ್ನು ಕೂಡಿಸಿ ಒಂದೇ ಸಂಕೇತ ಮಾಡುವ ಯುನಿಕೋಡ್ ಕ್ರಮ) ಮಾಡಿದರೂ ಹೋಗುತ್ತಿಲ್ಲ.

ಉತ್ತರ 1: ತುರ್ಕಿಯಲ್ಲಿ ಚುಕ್ಕೆಯ ಐ, ಬೋಳು (ಚುಕ್ಕೆಯಿಲ್ಲದ) ಐ ಬೇರೆಬೇರೆ ಅಕ್ಷರ, ದೊಡ್ಡಕ್ಷರದಲ್ಲೂ. ಪೈಥಾನ್‌ನಲ್ಲಿ ಸಣ್ಣಕ್ಷರಕ್ಕಿಳಿಸುವ ಲೋವರ್‌ಗೆ ಇದು ಗೊತ್ತಿಲ್ಲ. ದೊಡ್ಡ ಚುಕ್ಕೆ ಐ (ಯುನಿಕೋಡ್ ಸಂಕೇತ 0130) ಅನ್ನು ಅದು 0069 (ಸಣ್ಣ ಚುಕ್ಕೆ ಐ), 0307 (ಬಿಡಿ ಚುಕ್ಕೆ) ಎಂದು ಎರಡಾಗಿ ಒಡೆಯುತ್ತದೆ. 8 ಅಕ್ಷರದ ಇಸ್ತಾಂಬುಲ್ 9 ಆಗುತ್ತದೆ. ಈ ಜೋಡಿಗೆ ಒಂಟಿ ಸಂಕೇತವೇ ಇಲ್ಲದ್ದರಿಂದ ಎನ್‌ಎಫ್‌ಸಿ ಕೈಚೆಲ್ಲುತ್ತದೆ. ಲೋವರ್‌ಗೆ ಮೊದಲೇ 0130 ಅನ್ನು 0069ಕ್ಕೆ, 0049 (ದೊಡ್ಡ ಬೋಳು ಐ) ಅನ್ನು 0131ಕ್ಕೆ (ಸಣ್ಣ ಬೋಳು ಐ) ಬದಲಿಸಿ. ಶೀರ್ಷಿಕೆಯಲ್ಲಿ ದೊಡ್ಡಕ್ಷರದಲ್ಲಿರುವ ಅರಲಿಕ್ ಸರಿಹೋಗುತ್ತದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಬೋಳು ಐ ಒತ್ತಿದ ಇಸ್ತಾಂಬುಲ್ ಈಗ ಬೋಳಾಗಿಯೇ ಕಾಣುತ್ತದೆ. ಅದು ನಿಜವಾದ ತಪ್ಪು, ಕರಡಿನಲ್ಲೇ ತಿದ್ದಿ. ಇತಿಹಾಸ ಪುಸ್ತಕವಾದ್ದರಿಂದ ಸುಲ್ತಾನರ ಹೆಸರಿನ ಮುಂದಿನ ರೋಮನ್ ಅಂಕಿಗಳನ್ನು ಮೊದಲು ಪಕ್ಕಕ್ಕಿಡಿ, ಇಲ್ಲದಿದ್ದರೆ ಅವೂ ಬೋಳಾಗುತ್ತವೆ.

ಉತ್ತರ 2: ಯಂತ್ರದ ಗಲಾಟೆ ಮುಗಿದ ಮೇಲೆ ಉಳಿಯುವುದು ನಿಯಮದ ಗಲಾಟೆ. ಟೋಪಿ ಗುರುತನ್ನು (ಸ್ವರದ ಮೇಲಿನ ^) ಒಟ್ಟಾಗಿ ಅಳಿಸಲೇಬೇಡಿ: ಟೋಪಿಯಿಲ್ಲದೆ ‘ಕರ್’ ಅಂದರೆ ಹಿಮ, ಟೋಪಿಯಿಟ್ಟರೆ ‘ಕ್ಯಾರ್’, ಲಾಭ. ‘ಹೆರ್ ಶೆಯ್’ (ಎಲ್ಲವೂ) ಯಾವಾಗಲೂ ಬಿಡಿಸಿಯೇ. ‘ಬಿರ್‌ಚೋಕ್’ (ಹಲವು), ‘ಹಿಚ್‌ಬಿರ್’ (ಯಾವುದೂ ಇಲ್ಲ) ಕೂಡಿಸಿಯೇ. ಹೆಚ್ಚು ಕಾಡುವುದು ದೆ/ದಾ. ‘ಎವ್‌ದೆ’ (ಮನೆಯಲ್ಲಿ) ಎಂಬಲ್ಲಿ ಅದು ವಿಭಕ್ತಿ, ಅಂಟಬೇಕು. ‘ಎವ್ ದೆ’ (ಮನೆಯೂ) ಎಂಬಲ್ಲಿ ಬಿಡಿಸಬೇಕು. ನಮ್ಮ ‘ಅಲ್ಲಿ’, ‘ಊ’ ಎರಡಕ್ಕೂ ಒಂದೇ ಸದ್ದಿದ್ದರೆ ಆಗುತ್ತಿದ್ದ ಫಜೀತಿಯೇ. ಆ ಪದ ಕಿತ್ತರೂ ವಾಕ್ಯ ನಿಂತರೆ ಅದು ‘ಊ’. ಬಿಡಿಯಾದ ರೂಪ ಎಂದೂ ತೆ/ತಾ ಆಗದು: ‘ಕಿತಾಪ್ ದಾ’ (ಪುಸ್ತಕವೂ) ಸರಿ, ‘ಕಿತಾಪ್ ತಾ’ ತಪ್ಪು. ಹಾಗಾಗಿ ಬಿಡಿ ತೆ, ತಾ ಹುಡುಕಿದರೆ ತಪ್ಪುಗಳು ತಾವಾಗಿ ಸಿಗುತ್ತವೆ.

ಉತ್ತರ 3: ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಬೇಡಿ. ‘ಅಷ್ಟು ದೂರ’ ಎಂಬರ್ಥದ ‘ತಾ’ ಸ್ವತಂತ್ರ ಪದ, ‘ತಾ ಕಿ’ಯಲ್ಲೂ ಅದಿದೆ. ಇನ್ನೊಂದು: ‘ಅಹ್ಮೆತ್’ ಎಂಬ ಹೆಸರಿಗೆ ಸ್ವರದ ಪ್ರತ್ಯಯ ಹತ್ತಿದಾಗ ಉಚ್ಚಾರ ‘ಅಹ್ಮೆದಿ’, ಬರಹದಲ್ಲಿ ಮಾತ್ರ ತಕಾರವೇ, ನಡುವೆ ಮೇಲ್ಕೊಂಬು (ಅಪಾಸ್ಟ್ರಫಿ ಗುರುತು). ಸಂಸ್ಥೆಗಳ ಹೆಸರಿಗೆ ಪ್ರತ್ಯಯ ಹತ್ತಿದಾಗ ತುರ್ಕಿ ಭಾಷಾ ಸಂಸ್ಥೆಯ ಕೈಪಿಡಿ ಮೇಲ್ಕೊಂಬು ಒಪ್ಪುವುದಿಲ್ಲ. ಹಲವು ಪ್ರಕಾಶಕರು ಹಾಕುತ್ತಾರೆ. ಕೈಪಿಡಿಯ ಯಾವ ಆವೃತ್ತಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ.

ಪ್ರಶ್ನೆ ಕೇಳಿದವರು: ಪಟ್ಟಿ ಸರಿಹೋಯಿತು. ಪುಟ ವಿನ್ಯಾಸದಲ್ಲಿ ಮಾತ್ರ ಎಫ್ ಪಕ್ಕದ ಐಗೆ ಚುಕ್ಕೆ ಕಾಣುತ್ತಿಲ್ಲ.

ಉತ್ತರ 1: ಅದು ಫಾಂಟಿನ ಲಿಗೇಚರ್ (ಎರಡು ಅಕ್ಷರ ಬೆಸೆದ ಒಂದೇ ಆಕಾರ), ಎಫ್‌ನ ಕೊಕ್ಕೆ ಚುಕ್ಕೆಯನ್ನು ನುಂಗಿದೆ. ಪಠ್ಯದ ಭಾಷೆ ತುರ್ಕಿ ಎಂದು ಗುರುತಿಸಿ. ಫಾಂಟಿನಲ್ಲಿ ತುರ್ಕಿ ಬೆಂಬಲವಿಲ್ಲದಿದ್ದರೆ ಲಿಗೇಚರನ್ನೇ ನಿಲ್ಲಿಸಿಬಿಡಿ.