ಸಹಾಯ ಬೇಕು: ಇನ್ನಷ್ಟು ಶ್ರೀನಿವಾಸರು ಬೇಕಿದ್ದಾರೆ!

ನಮಸ್ಕಾರ. ಅಕ್ಕನ ಮಗ ಶ್ರೀನಿವಾಸ, ಇಲ್ಲೇ ಮಂಗಳೂರಿನಲ್ಲಿ ಏಳನೇ ಕ್ಲಾಸು. ತನ್ನದೇ ಹೆಸರಿನ ಸಾಧಕರ ಬಗ್ಗೆ ಶಾಲೆಗೆ ಚಾರ್ಟ್ ಮಾಡಬೇಕಂತೆ. ನಮ್ಮೂರಿನ ಉಳ್ಳಾಲ ಶ್ರೀನಿವಾಸ ಮಲ್ಯರು (1902–1965) ಮೊದಲು ಬರಲೇಬೇಕು. ಸಂಸದರಾಗಿದ್ದವರು, ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು ಎರಡರ ಹಿಂದೆಯೂ ಅವರ ಓಡಾಟವಿದೆ. ಪುರಂದರದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ ಎನ್ನುತ್ತಾರೆ. ಮಾಸ್ತಿಯವರದು ಕಾವ್ಯನಾಮ, ಅದೂ ನಡೆಯುತ್ತದೆ. ಗಣಿತದ ರಾಮಾನುಜನ್ ಬೇಡ ಅಂದೆ, ಅಲ್ಲಿ ಶ್ರೀನಿವಾಸ ತಂದೆಯ ಹೆಸರು. (ಹುಡುಗನಿಗೆ ಒಪ್ಪಿಗೆಯಿಲ್ಲ!)

ಯಕ್ಷಗಾನ, ಕ್ರೀಡೆ, ವಿಜ್ಞಾನದಲ್ಲಿ ಯಾರಾದರೂ ನೆನಪಾದರೆ ಹೇಳಿ ಮಾರಾಯ್ರೆ. ಊರು, ಹುಟ್ಟಿದ ವರ್ಷ ಸಹಿತ ಬೇಕು. ಮಲ್ಯರ ಸ್ಪಷ್ಟ ಫೋಟೋ ಇದ್ದವರು ಇಲ್ಲೇ ಹಾಕಿ. ಸೋಮವಾರ ಕೊಡಬೇಕು.