ಹೊಸ ವಿಮಾನ ಕಂಪನಿಗೆ ‘ಅನುಮತಿ ಸಿಕ್ಕಿದೆ’ ಅಂತಾರೆ, ಹಣ ಕೊಡಬಹುದಾ? – ಗ್ರೂಪಿನ ಪ್ರಶ್ನೋತ್ತರ

ಕಾಸರಗೋಡಿನ ನಮ್ಮ ಗ್ರೂಪಿನಲ್ಲಿ ಈ ಸಲ ಉತ್ತರ ಕೊಟ್ಟವರು ಪೆರ್ಲದ ಕಡೆಯ ಅಕ್ಕ. ಬೆಂಗಳೂರಿನಲ್ಲಿ ವಿಮಾನ ಕಂಪನಿಗಳ ಪರವಾನಗಿ ಮತ್ತು ಗುಣಮಟ್ಟದ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವರು.

ಪ್ರಶ್ನೆ (ಬದಿಯಡ್ಕ): ಅಕ್ಕ, ನಮಸ್ಕಾರ. ತಂಗಿ ಬಿಕಾಂ ಮುಗಿಸಿ ಮನೆಯಲ್ಲಿದ್ದಾಳೆ. ಪೇಟೆಯ ಒಂದು ತರಬೇತಿ ಸಂಸ್ಥೆಯವರು ಹೊಸದಾಗಿ ಶುರುವಾಗುವ ಕಡಿಮೆ ದರದ ವಿಮಾನ ಕಂಪನಿಯಲ್ಲಿ ಕ್ಯಾಬಿನ್ ಕ್ರೂ ಕೆಲಸ ಗ್ಯಾರಂಟಿ ಅಂತ ಹೇಳಿ 40 ಸಾವಿರ ಡಿಪಾಸಿಟ್ ಕೇಳುತ್ತಿದ್ದಾರೆ. ‘ಕೇಂದ್ರದಿಂದ ಎನ್‌ಒಸಿ ಬಂದಾಯ್ತು, ಎರಡು ತಿಂಗಳಲ್ಲಿ ವಿಮಾನ ಹಾರುತ್ತದೆ, ಸೀಟು ಕಡಿಮೆ’ ಅಂತಾರೆ. ಅಪ್ಪ ಅಡಿಕೆ ಮಾರಿದ ಹಣ ತೆಗೆದಿಟ್ಟಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ ತಮ್ಮ. ಅಪ್ಪನಿಗೂ ಇವತ್ತೇ ಹೇಳಿ.

ಎನ್‌ಒಸಿ ಕೊಡುವುದು ದೆಹಲಿಯ ನಾಗರಿಕ ವಿಮಾನಯಾನ ಸಚಿವಾಲಯ. ಕಂಪನಿ ಯಾರದ್ದು, ಹಣ ಎಲ್ಲಿಂದ, ನಿರ್ದೇಶಕರ ಮೇಲೆ ಗೃಹ ಇಲಾಖೆಯ ಆಕ್ಷೇಪ ಉಂಟಾ ಅಂತ ನೋಡಿ, ಮುಂದುವರಿಯಲು ನಮ್ಮ ಅಡ್ಡಿ ಇಲ್ಲ ಅಂತ ಬರೆದು ಕೊಡುತ್ತಾರೆ, ಅಷ್ಟೇ. ಪಂಚಾಯತಿನಿಂದ ಮನೆ ಕಟ್ಟಲು ಪರ್ಮಿಟ್ ಸಿಕ್ಕಿದ ಹಾಗೆ ಅದು. ಮನೆ ನಂಬರ್ ಬೀಳುವುದು ಕಟ್ಟಿ ಮುಗಿದ ಮೇಲೆ ಅಲ್ವಾ? ಇಲ್ಲಿ ಆ ನಂಬರ್ ಅಂದರೆ ಎಒಸಿ, ಏರ್ ಆಪರೇಟರ್ ಸರ್ಟಿಫಿಕೇಟ್. ಅದನ್ನು ಕೊಡುವುದು ಡಿಜಿಸಿಎ, ಅಂದರೆ ವಿಮಾನಯಾನದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ನಿರ್ದೇಶನಾಲಯ. ಅದು ಕೈಗೆ ಬರುವ ತನಕ ಒಬ್ಬ ಪ್ರಯಾಣಿಕನನ್ನೂ ದುಡ್ಡು ತೆಗೆದುಕೊಂಡು ಕೂರಿಸುವ ಹಾಗಿಲ್ಲ.

ಇವೆರಡರ ನಡುವೆಯೇ ಇರುವುದು ನಿಜವಾದ ಕೆಲಸ. ನನ್ನ ಹೊಟ್ಟೆಪಾಡು ಅದರಲ್ಲೇ ನಡೆದದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಮೊದಲು ಕೈಪಿಡಿಗಳು. ವಿಮಾನ ಹೇಗೆ ಹಾರಿಸುತ್ತೀರಿ, ರಿಪೇರಿ ಯಾರು ಮಾಡುತ್ತಾರೆ, ಪೈಲಟ್‌ಗೆ ಎಷ್ಟು ಗಂಟೆ ವಿಶ್ರಾಂತಿ, ಬಾಂಬ್ ಬೆದರಿಕೆ ಬಂದರೆ ಯಾರು ಯಾರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಬರೆದು ಕೊಡಬೇಕು. ಡಿಜಿಸಿಎಯವರು ಅದನ್ನು ಸಾಲು ಸಾಲು ಓದಿ ತಪ್ಪು ಹಿಡಿದು ವಾಪಸ್ ಕಳಿಸುತ್ತಾರೆ, ನಾವು ತಿದ್ದಿ ಕೊಡುತ್ತೇವೆ, ಮತ್ತೆ ವಾಪಸ್ ಬರುತ್ತದೆ. ಹಾರಾಟ, ಸುರಕ್ಷತೆ, ತರಬೇತಿ, ನಿರ್ವಹಣೆ ಇವುಗಳ ಮುಖ್ಯಸ್ಥರು ಯಾರು ಅಂತ ತೋರಿಸಿ ಒಪ್ಪಿಗೆ ಪಡೆಯಬೇಕು. ವಿಮಾನ ಬಂದು ಭಾರತದಲ್ಲಿ ನೋಂದಣಿ ಆಗಬೇಕು. ನಮ್ಮ ದೇಶದ ವಿಮಾನದ ಮೈಮೇಲೆ ‘ವಿಟಿ’ ಅಂತ ಶುರುವಾಗುವ ಅಕ್ಷರಗಳು ಇರುತ್ತವೆ, ನೋಡಿರಬಹುದು.

ಕೊನೆಯಲ್ಲಿ ಪ್ರೂವಿಂಗ್ ಫ್ಲೈಟ್. ಟಿಕೆಟ್ ಪ್ರಯಾಣಿಕರಿಲ್ಲದೆ, ಡಿಜಿಸಿಎ ಅಧಿಕಾರಿಗಳನ್ನೇ ಕೂರಿಸಿಕೊಂಡು ಹಾರಿ ತೋರಿಸಬೇಕು. ನಾನಿದ್ದ ಒಂದು ಹಾರಾಟದಲ್ಲಿ ಹನ್ನೆರಡನೇ ಸಾಲಿನಲ್ಲಿ ಕೂತಿದ್ದ ಅಧಿಕಾರಿ ಸುಮ್ನೆ ಕೈ ಎತ್ತಿ, ‘ಈ ಸೀಟಿನವರಿಗೆ ಪ್ರಜ್ಞೆ ತಪ್ಪಿದೆ’ ಅಂದರು. ಪಕ್ಕದ ಸೀಟು ಖಾಲಿಯೇ ಇತ್ತು. ಕ್ರೂ ಹುಡುಗಿ ಆಕ್ಸಿಜನ್ ಸಿಲಿಂಡರ್ ತಂದಳು. ಅಧಿಕಾರಿ ಅವಳ ಮುಖವನ್ನೂ ನೋಡಲಿಲ್ಲ, ಸಿಲಿಂಡರಿನ ಒತ್ತಡದ ಮುಳ್ಳು ಎಲ್ಲಿ ನಿಂತಿದೆ ಅಂತ ನೋಡಿದರು. ಆಮೇಲೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತರಿಸಿ ಔಷಧಿಗಳ ತಾರೀಕು ಒಂದೊಂದಾಗಿ ಓದಿದರು. ಹೀಗೆ ನೋಡಿಯೇ ಪರವಾನಗಿ ಕೊಡಬೇಕು. ಅದರಲ್ಲಿ ಅವಸರ ಮಾಡಿದರೆ ಅಪಾಯ ನಮಗೇ.

ಇನ್ನು ಎರಡು ತಿಂಗಳ ಮಾತು. ಆಕಾಶ ಏರ್‌ಗೆ ದೊಡ್ಡ ಬಂಡವಾಳ ಇತ್ತು, ಅನುಭವಸ್ಥರು ಇದ್ದರು, 72 ಬೋಯಿಂಗ್ ವಿಮಾನಗಳಿಗೆ ಆರ್ಡರ್ ಕೊಟ್ಟಿದ್ದರು. ಎನ್‌ಒಸಿ 2021ರ ಅಕ್ಟೋಬರಿನಲ್ಲಿ ಬಂತು. ಎಒಸಿ ಬಂದದ್ದು 2022ರ ಜುಲೈ 7ಕ್ಕೆ. ಟಿಕೆಟ್ ಮಾರಾಟ ಅದರ ನಂತರ. ಮೊದಲ ಹಾರಾಟ ಆಗಸ್ಟ್ 7ಕ್ಕೆ, ಮುಂಬೈಯಿಂದ ಅಹಮದಾಬಾದ್‌ಗೆ. ಗೋವಾದ ಫ್ಲೈ91 ಸಣ್ಣ ಎಟಿಆರ್ ವಿಮಾನಗಳ ಕಂಪನಿ. ಅವರಿಗೂ 2023ರಲ್ಲಿ ಎನ್‌ಒಸಿ ಸಿಕ್ಕಿ, ಎಒಸಿ ಸಿಕ್ಕಿ ಹಾರುವಾಗ 2024ರ ಮಾರ್ಚ್ ಆಗಿತ್ತು. ಇಂಥವರಿಗೇ ಅಷ್ಟು ಸಮಯ ಬೇಕಾಯಿತು.

ತಂಗಿಯ ಕೆಲಸದ ಬಗ್ಗೆ: ವಿಮಾನ ಕಂಪನಿಗಳು ಕ್ರೂ ಆಯ್ಕೆಗೆ ಡಿಪಾಸಿಟ್ ಕೇಳುವುದಿಲ್ಲ. ಕೇಳಿದರು ಅಂದರೆ ಅಲ್ಲಿಗೆ ಮಾತು ಮುಗಿಯಿತು. ಅವಳಿಗೆ ಆಸೆ ಇದ್ದರೆ ಈಗ ಹಾರುತ್ತಿರುವ ಕಂಪನಿಗಳ ವೆಬ್‌ಸೈಟಿನಲ್ಲಿ ನೇರ ಅರ್ಜಿ ಹಾಕಲಿ. ಇಂಗ್ಲಿಷ್, ಹಿಂದಿ ಮಾತು ಚೆನ್ನಾಗಿ ರೂಢಿ ಮಾಡಿಕೊಳ್ಳಲಿ. ಮಲಯಾಳ, ಕನ್ನಡ, ತುಳು ಅವಳಿಗೆ ಹೇಗೂ ಬರುತ್ತದೆ, ಗಡಿನಾಡಿನ ಮಕ್ಕಳಿಗೆ ಅದು ದೊಡ್ಡ ಬಲ.

ಪ್ರಶ್ನೆ (ಉಪ್ಪಳ, ಈಗ ಶಾರ್ಜಾ): ಮೇಡಂ, ನಮಗೆ ಬೇಕಾದ್ದು ಗಲ್ಫ್ ವಿಮಾನ. ಶಾಲೆ ರಜೆ ಬಂದರೆ, ಹಬ್ಬ ಬಂದರೆ ಟಿಕೆಟ್ ದರ ಮೂರು ಪಟ್ಟು. ಮಕ್ಕಳನ್ನು ಕರೆದುಕೊಂಡು ಊರಿಗೆ ಬರಲು ಆಗದೆ ಎಷ್ಟೋ ಜನ ಇಲ್ಲೇ ಉಳಿಯುತ್ತಾರೆ. ಹೊಸ ಕಂಪನಿ ಬಂದರೆ ಮಂಗಳೂರು ಅಥವಾ ಕಣ್ಣೂರಿಗೆ ಕಡಿಮೆ ದರದಲ್ಲಿ ಬರಬಹುದಾ?

ಉತ್ತರ: ನಿಮ್ಮ ಕಷ್ಟ ನನಗೆ ಗೊತ್ತು ಅಣ್ಣ, ನಮ್ಮ ಮನೆಯಲ್ಲೂ ಗಲ್ಫಿನವರಿದ್ದಾರೆ. ಆದರೆ ಶುರುವಿನಲ್ಲಿ ಗಲ್ಫ್ ಹಾರಾಟ ಸಾಧ್ಯವೇ ಇಲ್ಲ. 2016ಕ್ಕೆ ಮೊದಲು, ದೇಶದೊಳಗೆ ಐದು ವರ್ಷ ಹಾರಿ 20 ವಿಮಾನ ಇದ್ದವರಿಗೆ ಮಾತ್ರ ಹೊರದೇಶಕ್ಕೆ ಅವಕಾಶ ಇತ್ತು. 2016ರ ವಿಮಾನಯಾನ ನೀತಿಯಲ್ಲಿ ಐದು ವರ್ಷದ ಷರತ್ತು ಹೋಯಿತು. ಆದರೆ 20 ವಿಮಾನ, ಅಥವಾ ಒಟ್ಟು ಸಾಮರ್ಥ್ಯದ 20 ಶೇಕಡಾ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟನ್ನು ದೇಶದೊಳಗೆ ಇಡಬೇಕು ಅನ್ನುವುದು ಉಳಿಯಿತು. ಆಕಾಶ ಏರ್‌ನ 20ನೇ ವಿಮಾನ ಬಂದದ್ದು 2023ರ ಆಗಸ್ಟ್‌ನಲ್ಲಿ. ಮುಂಬೈಯಿಂದ ದೋಹಾಕ್ಕೆ ಅವರು ಹಾರಿದ್ದು 2024ರ ಮಾರ್ಚ್ ಕೊನೆಗೆ.

ಹೊಸ ಕಂಪನಿ ಏರ್ ಕೇರಳಕ್ಕೆ 2024ರ ಜುಲೈಯಲ್ಲಿ ಎನ್‌ಒಸಿ ಸಿಕ್ಕಿದಾಗ ಅವರು ಹೇಳಿದ್ದೂ ಮೂರು ಎಟಿಆರ್‌ನಿಂದ, ದೇಶದೊಳಗೇ ಶುರು ಅಂತ. ಎಟಿಆರ್ 70ರಷ್ಟು ಸೀಟಿನ, ರೆಕ್ಕೆಯಲ್ಲಿ ಪಂಖ ತಿರುಗುವ ವಿಮಾನ. ಮಂಗಳೂರು–ಬೆಂಗಳೂರಿಗೆ ಹೇಳಿ ಮಾಡಿಸಿದ್ದು, ದುಬೈಗೆ ಹೋಗುವಂಥದ್ದಲ್ಲ. ಹಾಗಾಗಿ 20 ವಿಮಾನ ಆದರೂ ಗಲ್ಫಿಗೆ ಬೇರೆ ಜಾತಿಯ ದೊಡ್ಡ ವಿಮಾನ ತರಬೇಕು, ಅದಕ್ಕೆ ಬೇರೆ ಪೈಲಟ್, ಬೇರೆ ತರಬೇತಿ, ಬೇರೆ ಒಪ್ಪಿಗೆ.

ಇನ್ನೊಂದು ವಿಷಯ ಉಂಟು. ಎರಡು ದೇಶಗಳ ಒಪ್ಪಂದದಲ್ಲಿ ವಾರಕ್ಕೆ ಎಷ್ಟು ಸೀಟು ಅಂತ ಮಿತಿ ಇರುತ್ತದೆ. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾದರೂ ವಿದೇಶಿ ಕಂಪನಿಗಳಿಗೆ ಅಲ್ಲಿ ಇಳಿಯಲು ಅನುಮತಿ ಕೊಡದೇ ಇದ್ದದ್ದೂ ಇದೇ ಲೆಕ್ಕಾಚಾರದಿಂದ. ನಮ್ಮವರು ದೆಹಲಿಯ ಮೇಲೆ ಒತ್ತಡ ಹಾಕಬೇಕಾದ್ದು ಇಲ್ಲಿ. ಹೊಸ ಕಂಪನಿಯನ್ನು ಕಾಯುವುದಕ್ಕಿಂತ ಇದರಿಂದ ದರ ಬೇಗ ಇಳಿದೀತು ಅಂತ ನನಗೆ ಅನಿಸುತ್ತದೆ.

ಪ್ರಶ್ನೆ (ಕುಂಬಳೆ): ಬಸ್ಸಿನ ದರದಲ್ಲಿ ವಿಮಾನ ಅಂತ ಪೋಸ್ಟರ್ ಬಂದಿದೆ. ಆಗುತ್ತದಾ ಅದು?

ಉತ್ತರ: ಕೆಲವು ಸೀಟಿಗೆ ಆಗುತ್ತದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಒಂದು ರೂಪಾಯಿಗೂ ಟಿಕೆಟ್ ಕೊಟ್ಟವರು. ಆದರೆ ಎಲ್ಲ ಸೀಟಿಗೂ ಅಲ್ಲ. ಒಂದೇ ಮಾದರಿಯ ವಿಮಾನ, ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರುವುದು, ಊಟಕ್ಕೆ, ಜಾಸ್ತಿ ಬ್ಯಾಗಿಗೆ ಬೇರೆ ಹಣ, ಹೀಗೆ ಕಡಿಮೆ ದರದ ಕಂಪನಿಯವರು ಖರ್ಚು ಉಳಿಸುತ್ತಾರೆ. ಇಂಧನ ಮತ್ತು ವಿಮಾನದ ಬಾಡಿಗೆ ಮಾತ್ರ ಅವರ ಕೈಯಲ್ಲಿಲ್ಲ. ಬಾಡಿಗೆ ಡಾಲರ್‌ನಲ್ಲಿ ಕಟ್ಟಬೇಕು. ವಿಮಾನದ ಇಂಧನ ಜಿಎಸ್‌ಟಿಯ ಒಳಗೆ ಬಂದಿಲ್ಲ, ಅದರ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಪ್ರಶ್ನೆ (ಮಂಜೇಶ್ವರ): ಮೇಡಂ, ಕೆಲಸದ ವಿಷಯ ಬಿಡಿ. ನನಗೆ ಒಬ್ಬರು ಹೊಸ ವಿಮಾನ ಕಂಪನಿಯ ಶೇರು ಅಂತ ವಾಟ್ಸಾಪಿನಲ್ಲಿ ಪೋಸ್ಟರ್ ಕಳಿಸಿದ್ದಾರೆ. ಎರಡು ಲಕ್ಷ ನಗದು ಕೊಟ್ಟರೆ ಪಾಲುದಾರ ಅಂತೆ. ನಾನು 22 ವರ್ಷ ಕುವೈಟಿನಲ್ಲಿ ದುಡಿದು ಬಂದವನು. ಊರಿನ ಕಂಪನಿ ಅಂತ ಅಭಿಮಾನ ಇದೆ.

ಉತ್ತರ: ಅಭಿಮಾನ ಇರಲಿ, ನಗದು ಬೇಡ. ಅನಿವಾಸಿ ಭಾರತೀಯರು ಭಾರತದ ವಿಮಾನ ಕಂಪನಿಯಲ್ಲಿ ನೂರಕ್ಕೆ ನೂರು ಬಂಡವಾಳ ಹಾಕಬಹುದು, ಕಾನೂನು ಹಾಗೆಯೇ ಇದೆ. ಪೋಸ್ಟರ್ ಮಾಡುವವರು ಹಿಡಿದುಕೊಳ್ಳುವುದು ಇದನ್ನೇ. ಆದರೆ ಪ್ರೈವೇಟ್ ಲಿಮಿಟೆಡ್ ಕಂಪನಿ ಹೀಗೆ ಊರಿಗೆಲ್ಲ ಪೋಸ್ಟರ್ ಹಂಚಿ ಶೇರು ಮಾರುವ ಹಾಗಿಲ್ಲ. ಹೆಸರು ಗುರುತಿಸಿದ ಜನರಿಗೆ ಮಾತ್ರ, ವರ್ಷಕ್ಕೆ 200 ಮಂದಿಯ ಮಿತಿಯಲ್ಲಿ, ಪತ್ರ ಕೊಟ್ಟು ಬ್ಯಾಂಕಿನ ಮೂಲಕವೇ ಹಣ ತೆಗೆದುಕೊಳ್ಳಬೇಕು. ನಗದು ಕೇಳಿದ್ದೇ ಕಾನೂನಿಗೆ ವಿರುದ್ಧ. ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಆ ಕಂಪನಿಯ ದಾಖಲೆ ತೆಗೆಸಿ, ನಿರ್ದೇಶಕರು ಯಾರು, ಬಂಡವಾಳ ಎಷ್ಟು ಅಂತ ನೋಡಿ.

ಒಳ್ಳೆಯ ಕಂಪನಿಯಲ್ಲೂ ಹಣ ಮುಳುಗುತ್ತದೆ ಅನ್ನುವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಿಂಗ್‌ಫಿಶರ್ 2012ರಲ್ಲಿ, ಜೆಟ್ 2019ರಲ್ಲಿ, ಗೋ ಫಸ್ಟ್ 2023ರ ಮೇಯಲ್ಲಿ ನಿಂತವು. ಇವರೆಲ್ಲರ ಹತ್ತಿರ ಎಒಸಿ ಇತ್ತು, ವರ್ಷಗಟ್ಟಲೆ ಹಾರಿದ್ದರು. ಗೋ ಫಸ್ಟ್ ನಿಂತಾಗ ಟಿಕೆಟ್ ತೆಗೆದವರು ರಿಫಂಡಿಗೆ ಅಲೆದದ್ದು ನಿಮಗೆ ನೆನಪಿರಬಹುದು.

ಪ್ರಶ್ನೆ (ಬದಿಯಡ್ಕದವರೇ): ಅಕ್ಕ, ಈಗ ಮನೆಗೆ ಬಂದು ಕೇಳಿದಾಗ ಗೊತ್ತಾಯಿತು, ಅಪ್ಪ ನಿನ್ನೆಯೇ 10 ಸಾವಿರ ಗೂಗಲ್ ಪೇ ಮಾಡಿದ್ದಾರಂತೆ. ರಸೀದಿ ಅಂತ ಒಂದು ಪಿಡಿಎಫ್ ಬಂದಿದೆ. ಅದರಲ್ಲಿ ‘ಡಿಜಿಸಿಎ ಅನುಮೋದಿತ’ ಅಂತ ಸೀಲ್ ಇದೆ. ಕಂಪನಿಯ ಮೇಲ್ ವಿಳಾಸ ಜಿಮೇಲ್. ಹಣ ಹೋದ ಅಕೌಂಟ್ ಯಾರೋ ಒಬ್ಬರ ಸ್ವಂತ ಹೆಸರಿನದ್ದು.

ಉತ್ತರ: ತಡ ಮಾಡಬೇಡಿ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಯುಪಿಐ ವಹಿವಾಟಿನ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಬೇಗ ಹೇಳಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಅಪ್ಪನ ಬ್ಯಾಂಕಿಗೂ ತಿಳಿಸಿ. ಆ ಪಿಡಿಎಫ್, ಚಾಟ್, ಅವರ ಫೋನ್ ನಂಬರ್ ಯಾವುದನ್ನೂ ಅಳಿಸಬೇಡಿ, ಸ್ಟೇಷನ್ನಿಗೆ ಹೋಗುವಾಗ ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ. ಮಾತು ಮಲಯಾಳದಲ್ಲಿ ನಡೆದರೂ ದೂರನ್ನು ಕನ್ನಡದಲ್ಲಿ ಬರೆದು ಕೊಡಬಹುದು, ಹಿಂಜರಿಯಬೇಡಿ. ಅಪ್ಪನನ್ನು ಬೈಯಬೇಡಿ, ಮಗಳಿಗಾಗಿ ಮಾಡಿದ್ದು ಅವರು. ಸೀಲ್ ಇರುವ ಆ ಪುಟವನ್ನು ಹೆಸರು, ನಂಬರ್ ಮುಚ್ಚಿ ನನಗೆ ಕಳಿಸಿ, ದೂರಿನಲ್ಲಿ ಏನು ಬರೆಯಬೇಕು ಅಂತ ಸಂಜೆಯೊಳಗೆ ಹೇಳುತ್ತೇನೆ.