1994ರ ಯಮಾಹಾ ಆರ್‌ಎಕ್ಸ್ 100 ಬೈಕ್‌ಗೆ ಬೇರೆ ಗಾಡಿಯ ಆಯಿಲ್ ಟ್ಯಾಂಕ್ ಕೂರಿಸಿದೆ, ಇಂಜಿನ್ ಹಿಡಿದುಕೊಳ್ತಿದೆ

ಬೆಣ್ಣೆದೋಸೆ94 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಗಾಡಿ ಚಿಕ್ಕಪ್ಪನದು, ಈಗ ನನ್ನ ಕೈಗೆ ಬಂದಿದೆ. ಹಳೇ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಜೊತೆ ಹೋಗುವ ಎಣ್ಣೆ) ಟ್ಯಾಂಕ್ ಕೆಳಗಿನ ಮೂಲೆಯಲ್ಲಿ ಸೀಳಿತ್ತು. ಅಂಟು ಮೆತ್ತಿ ನೋಡಿದೆ, ಎರಡು ವಾರ ತಡೆಯಿತು. ಆಮೇಲೆ ಮತ್ತೆ ಒಸರಲು ಶುರು. ಬೆಳಿಗ್ಗೆ ಎದ್ದರೆ ರಂಗೋಲಿ ಪಕ್ಕದಲ್ಲೇ ಎಣ್ಣೆ ರಂಗೋಲಿ, ಮೇಲೆ ಅಮ್ಮನ ಬೈಗುಳ.

ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಬೇರೆ ಟ್ಯಾಂಕ್ ಸಿಕ್ಕಿತು. "ಆರ್‌ಎಕ್ಸ್ 135ರದ್ದು, ಕಣ್ಣು ಮುಚ್ಚಿಕೊಂಡು ಹಾಕು" ಅಂದರು. ಕಣ್ಣು ಬಿಟ್ಟುಕೊಂಡು ಹಾಕಿದರೂ ಕೂರಲಿಲ್ಲ. ಮೇಲಿನ ಬೋಲ್ಟ್ ಸರಿಹೋಯಿತು, ಕೆಳಗಿನದು ಹತ್ತಿರ ಹತ್ತಿರ ಒಂದು ಬೆರಳು ಆಚೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ ಮಾಡಿಸಿ ಕೂರಿಸಿದೆ. ಟ್ಯಾಂಕ್ ತುಂಬಾ ಗೀರು ಬಿದ್ದಿತ್ತು, ಅದಕ್ಕೇ ಮೊದಲು ಪೇಂಟರ್ ಹತ್ತಿರ ಕಪ್ಪು ಹೊಡೆಸಿದ್ದೆ. ನೋಡೋಕೆ ಚೆನ್ನಾಗೇ ಇದೆ.

ಭಾನುವಾರ ಆಯಿಲ್ ಟ್ಯಾಂಕ್ ಫುಲ್ ಮಾಡಿ ಚಿತ್ರದುರ್ಗಕ್ಕೆ ಹೊರಟೆ. ಆನಗೋಡು ತನಕ ಏನೂ ಇಲ್ಲ. ಭರಮಸಾಗರ ದಾಟಿದ ಮೇಲೆ ಯಾರೋ ಹಿಂದಿನಿಂದ ಗಾಡಿ ಹಿಡಿದು ಎಳೆದ ಹಾಗಾಯಿತು. ಕ್ಲಚ್ ಹಿಡಿದೆ, ಇಂಜಿನ್ ಆಫ್ ಆಯಿತು. ಅರ್ಧ ಗಂಟೆ ಹುಣಸೆ ಮರದ ಕೆಳಗೆ ಕೂತು ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಮೊದಲಿದ್ದ ಹೊಗೆ ಕಾಣಲಿಲ್ಲ. ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿಟ್ಟಿದ್ದೆ, ಎಣ್ಣೆ ಅದರಿಂದ ಕೂದಲೆಳೆಯಷ್ಟೂ ಇಳಿದಿಲ್ಲ. ಟ್ಯಾಂಕ್‌ನಿಂದ ಇಂಜಿನ್‌ಗೆ ಎಣ್ಣೆ ಕೊಡುವ ಪಂಪ್ ಹೋಯ್ತಾ? ಹೊಸ ಪಂಪ್ ತಗೊಳ್ಳಲಾ?

ಕೋಟೆಹುಡುಗ (ಚಿತ್ರದುರ್ಗ)

ಅಣ್ಣ, ಪಂಪ್ ಕಿತ್ತು ಬಿಸಾಕಿ. ಆ ಜಾಗಕ್ಕೆ ಮುಚ್ಚುವ ಪ್ಲೇಟ್ ಹಾಕಿ, ಪೆಟ್ರೋಲ್‌ಗೆ ನೇರವಾಗಿ ಟೂಟಿ ಬೆರೆಸಿ. ಲೀಟರ್‌ಗೆ 20 ಎಂಎಲ್. ನಮ್ಮ ಕಡೆ ಅರ್ಧಕ್ಕರ್ಧ ಜನ ಹಾಗೇ ಓಡಿಸ್ತಾರೆ. ಟ್ಯಾಂಕೂ ಬೇಡ, ಪೈಪೂ ಬೇಡ.

ಹಳೇಸ್ಪ್ಯಾನರ್ (ಹರಿಹರ)

ತಮ್ಮಾ, ಪಂಪಿಗೆ ದುಡ್ಡು ಹಾಕುವ ಮೊದಲು ಸ್ವಲ್ಪ ತಡಿ. ಮೂರು ಪ್ರಶ್ನೆ ಇದೆ.

ಹಳೇ ಟ್ಯಾಂಕ್ ಇದ್ದಾಗ ಪಂಪ್ ಸರಿಯಾಗೇ ಕೆಲಸ ಮಾಡ್ತಿತ್ತಲ್ವಾ? ಟ್ಯಾಂಕ್ ಹಾಕಿದ ಮೇಲೆ ಪಂಪ್‌ನಿಂದ ಗಾಳಿ ತೆಗೆದಿದ್ದೀಯಾ? ಟ್ಯಾಂಕ್‌ನಿಂದ ಪಂಪ್‌ಗೆ ಯಾವ ಪೈಪ್ ಹಾಕಿದೆ?

ಇನ್ನೊಂದು ಮಾತು. ಮಾರ್ಕರ್ ಗೆರೆ ಸಾಕ್ಷಿಯಲ್ಲ. ನೀನು ಓಡಿಸಿದ್ದು ಹೆಚ್ಚೂಕಡಿಮೆ 40 ಕಿಲೋಮೀಟರ್. ಒಂದು ಲೀಟರ್ ಪೆಟ್ರೋಲ್ ಖರ್ಚು ಅಂದುಕೊಳ್ಳೋಣ. ಅಷ್ಟಕ್ಕೆ ಪಂಪ್ ಸರಿಯಾಗಿದ್ದರೂ 15-20 ಎಂಎಲ್ ಹೋಗುತ್ತೆ. ಅಗಲ ಟ್ಯಾಂಕ್‌ನಲ್ಲಿ ಅದು ಕಣ್ಣಿಗೆ ಕಾಣೋದೇ ಇಲ್ಲ. ಹೊಗೆಯನ್ನೂ ನಂಬಬೇಡ. ಜಾಸೋ ಎಫ್‌ಡಿ (ಟೂಟಿ ಎಣ್ಣೆಗೆ ಜಪಾನಿನವರು ಕೊಡುವ ಒಂದು ದರ್ಜೆ) ಎಣ್ಣೆ ಹಾಕಿದ್ದರೆ ಹೊಗೆ ಕಡಿಮೆನೇ ಇರುತ್ತೆ.

ಕೋಟೆಹುಡುಗ ಹೇಳಿದ್ದು ತಪ್ಪಲ್ಲ. ಆದರೆ ಬೆರೆಸಿ ಓಡಿಸುವವನು ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿಕೊಂಡು ಇಳಿದರೆ ಪೆಟ್ರೋಲ್ ಜೊತೆ ಎಣ್ಣೆಯೂ ಕಡಿಮೆಯಾಗುತ್ತೆ. ಆಟೋಲ್ಯೂಬ್ ಪಂಪ್, ಅಂದರೆ ನಿನ್ನ ಗಾಡಿಯ ಈ ಆಯಿಲ್ ಪಂಪ್, ಹಾಗಲ್ಲ, ಇಂಜಿನ್ ತಿರುಗುವಷ್ಟೂ ಹೊತ್ತು ಸ್ವಲ್ಪವಾದರೂ ಕೊಡ್ತಾ ಇರುತ್ತೆ. ಆ ಕಾಲದಲ್ಲಿ ಅದಕ್ಕೇ ಅಷ್ಟು ಹೆಸರು. ನಾನಾದರೆ ಉಳಿಸಿಕೊಳ್ತೀನಿ.

ಬೆಣ್ಣೆದೋಸೆ94

ಸರ್, ಹಳೇ ಟ್ಯಾಂಕ್‌ನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಗಾಳಿ ತೆಗೆಯೋದು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ, ಮಾಡಿಲ್ಲ. ಪೈಪ್ ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್. ಹೊಸ ಟ್ಯಾಂಕ್‌ನ ಮೂತಿ ಸ್ವಲ್ಪ ಸಣ್ಣ, ಅದಕ್ಕೇ ಪೈಪ್ ಸುಮ್ನೆ ತಳ್ಳಿದರೆ ಒಳಗೆ ಹೋಯಿತು. ಕ್ಲಿಪ್ ಹಾಕಿಲ್ಲ. ಸೋರುತ್ತಿಲ್ಲವಲ್ಲ ಅಂತ ಬಿಟ್ಟೆ.

ಹಳೇಸ್ಪ್ಯಾನರ್

ಅಲ್ಲೇ ಇದೆ ನೋಡು ಅರ್ಧ ಕಥೆ. ಎಣ್ಣೆ ಗಟ್ಟಿ, ಗಾಳಿ ತೆಳು. ಸಣ್ಣ ಸಂದಿಯಿಂದ ಎಣ್ಣೆ ಹೊರಗೆ ಬರದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತೆ. ಸೋರುತ್ತಿಲ್ಲ ಅಂದ ಮಾತ್ರಕ್ಕೆ ಜಾಯಿಂಟ್ ಬಿಗಿ ಅಂತ ಅರ್ಥ ಅಲ್ಲ.

ಈಗ ಹೀಗೆ ಮಾಡು. ಮೊದಲು ಪೆಟ್ರೋಲ್ ಟ್ಯಾಂಕ್‌ನಲ್ಲಿ ಎರಡು ಲೀಟರ್ ಇದ್ದರೆ ಅದಕ್ಕೆ 40 ಎಂಎಲ್ ಟೂಟಿ ಬೆರೆಸು. ಪರೀಕ್ಷೆ ಮುಗಿಯುವ ತನಕ ಇದೇ ನಿನ್ನ ಜೀವರಕ್ಷೆ. ಆಮೇಲೆ ಪಂಪ್ ಮೇಲಿನ ಸಣ್ಣ ಕವರ್ ಬಿಚ್ಚು. ಪಂಪ್ ಮೈಮೇಲೆ ಗಾಳಿ ತೆಗೆಯುವ ಪುಟ್ಟ ಸ್ಕ್ರೂ ಇರುತ್ತೆ, ಅಡಿಯಲ್ಲಿ ವಾಶರ್ ಇರುತ್ತೆ, ಕಳೆದುಕೊಳ್ಳಬೇಡ. ಸ್ಕ್ರೂ ತೆಗೆದರೆ ಎಣ್ಣೆ ತಾನಾಗೇ ತೊಟ್ಟಿಕ್ಕಬೇಕು. ಗುಳ್ಳೆ ನಿಲ್ಲುವ ತನಕ ಬಿಡು, ಮತ್ತೆ ಬಿಗಿ ಮಾಡು. ಇನ್ನು ಇಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿಟ್ಟು, ಪಂಪ್‌ಗೆ ಬರುವ ಕೇಬಲ್ ಅನ್ನು ಮಾತ್ರ ಕೈಯಲ್ಲಿ ಪೂರ್ತಿ ಎಳೆದು ಹಿಡಿ. ಐಡಲ್‌ನಲ್ಲಿ ಪಂಪ್ ತುಂಬಾ ಕಡಿಮೆ ತಳ್ಳುತ್ತೆ, ಎಳೆದು ಹಿಡಿದರೆ ಜಾಸ್ತಿ. ಕಾರ್ಬುರೇಟರ್ ಕಡೆಗೆ ಹೋಗುವ ಸಣ್ಣ ಪೈಪ್‌ನಲ್ಲಿ ಉಳಿದ ಗಾಳಿ ಹಾಗೆ ಹೋಗುತ್ತೆ. ಬಿಳಿ ಹೊಗೆ ಬಂದರೆ ಹೆದರಬೇಡ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡು.

ಅದೆಲ್ಲ ಮಾಡುವಾಗ ಆಯಿಲ್ ಟ್ಯಾಂಕ್ ಕ್ಯಾಪ್ ಮುಚ್ಚಿರಲಿ. ಸ್ಕ್ರೂನಿಂದ ಎಣ್ಣೆ ಹೇಗೆ ಬರುತ್ತೆ ಅಂತ ನೋಡಿ ಬರೆ. ಬಿಡಬೇಡ.

ಟೂಸ್ಟ್ರೋಕ್ ಮಾವ (ದಾವಣಗೆರೆ)

ಕೇಬಲ್ ಮುಟ್ಟುತ್ತೀಯಲ್ಲ, ಹಾಗೇ ಇದನ್ನೂ ನೋಡಿಬಿಡು. ಥ್ರಾಟಲ್ ಹಿಡಿಯಿಂದ ಬರುವ ಕೇಬಲ್ ಒಂದೇ, ಕೆಳಗೆ ಎರಡಾಗಿ ಒಂದು ಕಾರ್ಬುರೇಟರ್‌ಗೆ, ಇನ್ನೊಂದು ಪಂಪ್‌ಗೆ ಹೋಗುತ್ತೆ. ಎರಡೂ ಒಟ್ಟಿಗೆ ಎಳೆಯಬೇಕು. ಪಂಪ್ ಪುಲ್ಲಿ ಮೇಲೆ ಗುರುತು ಇದೆ. ಟ್ಯಾಂಕ್ ಕೂರಿಸುವಾಗ ಕೇಬಲ್ ಎಲ್ಲಾದರೂ ಪಟ್ಟಿಗೆ ಸಿಕ್ಕಿಕೊಂಡರೆ ಗುರುತು ತಪ್ಪುತ್ತೆ.

ಬೆಣ್ಣೆದೋಸೆ94

ಇವತ್ತು ಸಂಜೆ ಮಾಡಿದೆ. ಕೇಬಲ್ ಸರಿಯಿದೆ ಮಾವ, ಗುರುತು ಕೂಡುತ್ತೆ.

ಸ್ಕ್ರೂ ತೆಗೆದೆ. ಮೊದಲು ಚೆನ್ನಾಗಿ ತೊಟ್ಟಿಕ್ಕಿತು. ಒಂದಿಪ್ಪತ್ತು ತೊಟ್ಟು ಆದ ಮೇಲೆ ನಿಧಾನ ಆಯಿತು, ಆಮೇಲೆ ನಿಂತೇ ಹೋಯಿತು. ಪೈಪ್‌ನಲ್ಲಿ, ಮೂತಿಯಿಂದ ಸ್ವಲ್ಪ ಕೆಳಗೆ, ಹೆಸರುಕಾಳಿನಷ್ಟು ಒಂದು ಗುಳ್ಳೆ. ಅದು ಮೇಲೆ ಹೋಗೋದೂ ಇಲ್ಲ, ಕೆಳಗೆ ಬರೋದೂ ಇಲ್ಲ. ನಾನು ನೋಡ್ತಾ ಇದ್ದ ಹಾಗೇ ಅದರ ಪಕ್ಕ ಇನ್ನೊಂದು ಹುಟ್ಟಿತು. ಬೇಸರವಾಗಿ ಇನ್ನಷ್ಟು ಎಣ್ಣೆ ಸುರಿಯೋಣ ಅಂತ ಕ್ಯಾಪ್ ತಿರುಗಿಸಿದೆ. "ಹುಸ್" ಅಂತು! ಆ ಕ್ಷಣಕ್ಕೇ ಕೆಳಗೆ ಸ್ಕ್ರೂ ತೂತಿನಿಂದ ಎಣ್ಣೆ ಸರಸರ ಬಂತು. ಚಪ್ಪಲಿ ಮೇಲೆಲ್ಲ ಎಣ್ಣೆ.

ಹಳೇಸ್ಪ್ಯಾನರ್

ಸಿಕ್ಕಿತು. ಕ್ಯಾಪ್ ತೆಗೆದು ಬೆಳಕಿಗೆ ಹಿಡಿದು ನೋಡು. ಗಾಳಿ ಆಡುವ ತೂತು ಇರುತ್ತೆ, ಸೂಜಿ ಮೊನೆಯಷ್ಟು. ಪೇಂಟರ್ ಕ್ಯಾಪ್‌ಗೂ ಬಣ್ಣ ಹೊಡೆದಿದ್ದಾನಾ?

ನಡೆದದ್ದು ಇಷ್ಟು. ಎಣ್ಣೆ ಕೆಳಗೆ ಇಳಿದಷ್ಟೂ ಮೇಲೆ ಗಾಳಿ ತುಂಬಬೇಕು. ತೂತು ಮುಚ್ಚಿದ್ದರೆ ಮೇಲೆ ಖಾಲಿ ಆಗಿ, ಅದು ಎಣ್ಣೆಯನ್ನು ವಾಪಸ್ ಎಳೆಯುತ್ತೆ. ಆ ಸೆಳೆತಕ್ಕೆ ಕ್ಲಿಪ್ ಇಲ್ಲದ ಜಾಯಿಂಟ್‌ನಿಂದ ಗಾಳಿ ಒಳಗೆ ಬಂತು, ಗುಳ್ಳೆ ಆಯಿತು, ಗುಳ್ಳೆ ಪಂಪ್‌ಗೆ ಹೋಯಿತು. ನೀನು ಅವತ್ತು ಟ್ಯಾಂಕ್ ಫುಲ್ ಮಾಡಿದ್ದೇ ಎಡವಟ್ಟು. ಅರ್ಧ ಟ್ಯಾಂಕ್ ಇದ್ದಿದ್ದರೆ ಮೇಲಿನ ಗಾಳಿ ಹಿಗ್ಗಿಕೊಂಡು ಇನ್ನೂ ದೂರ ತಳ್ಳಿಬಿಡುತ್ತಿತ್ತು. ಫುಲ್ ಇದ್ದಾಗ ಗಾಳಿಗೆ ಜಾಗವೇ ಇಲ್ಲ, ಬೇಗ ಬಿಗಿಯುತ್ತೆ.

ಬೆಣ್ಣೆದೋಸೆ94

ಹೌದು ಸರ್, ಕ್ಯಾಪ್ ಪೂರ್ತಿ ಕಪ್ಪು. ಅಮ್ಮನ ಹೊಲಿಗೆ ಸೂಜಿಯಿಂದ ಚುಚ್ಚಿದೆ, ಬಣ್ಣದ ಸಿಪ್ಪೆ ಉದುರಿತು. ಈಗ ಬಾಯಲ್ಲಿ ಊದಿದರೆ ಗಾಳಿ ಆಡುತ್ತೆ. ಟೂಟಿ ರುಚಿ ಇನ್ನೂ ಹೋಗಿಲ್ಲ.

ಟೂಸ್ಟ್ರೋಕ್ ಮಾವ

ಕ್ಯಾಪ್ ವಿಷಯಕ್ಕೆ ಒಂದು ನೆನಪಾಯಿತು. ಪೋರ್ಷೆ 911 ಕಾರಿನ 1972ರ ಮಾಡೆಲ್‌ನಲ್ಲಿ ಇಂಜಿನ್ ಆಯಿಲ್ ಟ್ಯಾಂಕನ್ನು ಹಿಂದಿನ ಬಲ ಚಕ್ರದ ಮುಂದಕ್ಕೆ ತಂದು, ಎಣ್ಣೆ ಹಾಕೋಕೆ ಹೊರಗಡೆ ಒಂದು ಮುಚ್ಚಳ ಕೊಟ್ಟಿದ್ದರು. ಬಂಕ್‌ನವರು ಅದೇ ಪೆಟ್ರೋಲ್ ಟ್ಯಾಂಕ್ ಅಂದುಕೊಂಡು ಪೆಟ್ರೋಲ್ ಸುರಿಯೋಕೆ ಶುರು ಮಾಡಿದರು. ಮರುವರ್ಷವೇ ಟ್ಯಾಂಕ್ ಹಳೇ ಜಾಗಕ್ಕೆ, ಚಕ್ರದ ಹಿಂದಕ್ಕೆ ಹೋಯಿತು. ಅವರ ಮುಂದೆ ನಿನ್ನದೊಂದು ಸೂಜಿ ತೂತು, ಬೇಜಾರು ಮಾಡ್ಕೋಬೇಡ.

ಹಳೇಸ್ಪ್ಯಾನರ್

ಮೀನಿನ ತೊಟ್ಟಿ ಪೈಪ್ ಬಿಸಾಕು. ಎಣ್ಣೆ, ಬಿಸಿ ಎರಡೂ ತಾಗಿ ಅದು ಗಟ್ಟಿಯಾಗುತ್ತೆ, ಜಾಯಿಂಟ್ ಇನ್ನೂ ಸಡಿಲ. ಮೂತಿಗೆ ಸರಿಯಾದ ಅಳತೆಯ ಪೆಟ್ರೋಲ್ ಪೈಪ್ ಹಾಕು, ಎರಡೂ ಕಡೆ ಸ್ಪ್ರಿಂಗ್ ಕ್ಲಿಪ್. ಪೈಪ್ ಟ್ಯಾಂಕ್‌ನಿಂದ ಪಂಪ್‌ಗೆ ಇಳಿಯುತ್ತಲೇ ಹೋಗಬೇಕು, ನಡುವೆ ಮೇಲಕ್ಕೆ ಎದ್ದರೆ ಆ ಗುಡ್ಡದಲ್ಲಿ ಗಾಳಿ ಕೂರುತ್ತೆ. ವೆಲ್ಡ್ ಮಾಡಿಸಿದ ಪಟ್ಟಿಗೂ ಟ್ಯಾಂಕ್‌ಗೂ ನಡುವೆ ರಬ್ಬರ್ ವಾಶರ್ ಇದೆಯಾ? ಪ್ಲಾಸ್ಟಿಕ್ ಅನ್ನು ಕಬ್ಬಿಣಕ್ಕೆ ನೇರ ಬಿಗಿದರೆ ನಿನ್ನ ಹಳೇ ಟ್ಯಾಂಕಿಗೆ ಆದದ್ದೇ ಇದಕ್ಕೂ ಆಗುತ್ತೆ.

ಇಂಜಿನ್ ಒಂದು ಸಲ ಹಿಡಿದುಕೊಂಡಿದೆ. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಯಿಂದ ಟಾರ್ಚ್ ಹಾಕಿ ಪಿಸ್ಟನ್ ನೋಡು. ಉದ್ದಕ್ಕೆ ಗೀರು ಇದ್ದರೆ ಇಲ್ಲಿ ಫೋಟೋ ಹಾಕು.

ಬೆಣ್ಣೆದೋಸೆ94

ಎರಡು ವಾರ ಆದ ಮೇಲೆ ಬರೀತಿದ್ದೀನಿ. ಪಿಸ್ಟನ್ ಮೇಲೆ ಎರಡು ಸಣ್ಣ ಗೀರು ಇತ್ತು. ಮೆಕ್ಯಾನಿಕ್ ನೋಡಿ "ಸದ್ಯಕ್ಕೆ ಓಡ್ಲಿ" ಅಂದರು. ಪೈಪ್, ಕ್ಲಿಪ್, ರಬ್ಬರ್ ಎಲ್ಲ ಬದಲಾಯಿಸಿದೆ. ಮತ್ತೆ ಗಾಳಿ ತೆಗೆದೆ, ಬೆರೆಸಿದ ಪೆಟ್ರೋಲ್ ಮುಗಿಯುವ ತನಕ ಊರೊಳಗೇ ಪಿ.ಬಿ. ರಸ್ತೆಯಲ್ಲಿ ಓಡಾಡಿಸಿದೆ.

ನಿನ್ನೆ ಚಿತ್ರದುರ್ಗಕ್ಕೆ ಹೋಗಿ ಬಂದೆ, ಎರಡೂ ಕಡೆ ಸೇರಿ ಸುಮಾರು 120 ಕಿಲೋಮೀಟರ್. ಪೆಟ್ರೋಲ್ ಮೂರು ಲೀಟರ್. ಈ ಸಲ ಗೆರೆ ನಂಬಲಿಲ್ಲ. ಹೊರಡುವಾಗ ಬಾಯಿ ತನಕ ತುಂಬಿಸಿದ್ದೆ, ಬಂದ ಮೇಲೆ ಮೆಡಿಕಲ್ ಶಾಪ್ ಸಿರಿಂಜ್‌ನಿಂದ ಮತ್ತೆ ಅಷ್ಟಕ್ಕೇ ತುಂಬಿಸಿದೆ. 45 ಎಂಎಲ್ ಹಿಡಿಯಿತು. ಕಡಿಮೆ ಆಯಿತಾ ಸರ್?

ಹಳೇಸ್ಪ್ಯಾನರ್

ಸರಿಯಾಗಿದೆ. ಬೆರೆಸಿ ಓಡಿಸಿದ್ದರೆ 60 ಆಗುತ್ತಿತ್ತು. ನಿಧಾನ ಹೋಗುವಾಗ ಪಂಪ್ ಕಡಿಮೆ ಕೊಡುತ್ತಲ್ಲ, ಅದೇ ಉಳಿತಾಯ. ಇನ್ನೂ 500 ಕಿಲೋಮೀಟರ್ ಸಿರಿಂಜ್ ಲೆಕ್ಕ ಬಿಡಬೇಡ.

ಕೋಟೆಹುಡುಗ

ದುರ್ಗಕ್ಕೆ ಬಂದು ಹೇಳದೇ ಹೋದ್ರಾ ಅಣ್ಣ? ಇರಲಿ. ಆ ಸೀಳಿದ ಹಳೇ ಟ್ಯಾಂಕ್ ಇನ್ನೂ ಇದ್ದರೆ ಅದರ ಕ್ಯಾಪ್ ನನಗೆ ಬೇಕು. ಪಂಪ್ ಮತ್ತೆ ಹಾಕೋಣ ಅಂತ ಮನಸ್ಸಾಗಿದೆ.

ಬೆಣ್ಣೆದೋಸೆ94

ಕ್ಯಾಪ್ ಇದೆ, ಬಣ್ಣ ಹೊಡೆಸಿಲ್ಲ. ಬನ್ನಿ, ಮಂಡಕ್ಕಿ-ಮಿರ್ಚಿ ನಿಮ್ಮ ಲೆಕ್ಕ.